ಹತ್ತು ಕೆಜಿಗೆ ಎಂಟೂಕಾಲು

18 ನವೆಂಬರ್ 2024, ಸೋಮವಾರ
ಚಿಕ್ಕಮಗಳೂರು

ಇವತ್ತು ಕನಕ ಜಯಂತಿ. ಬ್ಯಾಂಕೂ ಇಲ್ಲ, ಸರ್ಕಾರಿ ಕಚೇರಿಯೂ ಇಲ್ಲ. ತೋಟಗಳಲ್ಲಿ ಅರೇಬಿಕಾ ಕಾಫಿ ಕೊಯ್ಲು ಶುರುವಾಗಿದೆ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗಳ ಹುಳಿ ವಾಸನೆ ರಸ್ತೆವರೆಗೂ ಬರುತ್ತಿದೆ. ದೀಪಾವಳಿಗೆಂದು ಬೆಂಗಳೂರಿನಿಂದ ಬಂದವರಲ್ಲಿ ಕೆಲವರು ಇನ್ನೂ ವಾಪಸ್ ಹೋಗಿಲ್ಲ. ಮನೆಯಲ್ಲಿ 'ರಜೆ ಇದೆ' ಎಂದಿರುತ್ತಾರೆ, ನಿಜಕ್ಕೂ ಕೆಲಸ ಹೋಗಿರುತ್ತದೆ. ಹೀಗೆ ಕೆಲಸ ಹೋಗಿ ಊರಿಗೆ ಬಂದವರಿಗೆ ಈ ಜಿಲ್ಲೆಯಲ್ಲಿ ಹೊಳೆಯುವ ಯೋಚನೆ ಎರಡೇ: ಹೋಂಸ್ಟೇ, ಇಲ್ಲವೇ ಕಾಫಿ ಪುಡಿ. ಹೋಂಸ್ಟೇಗೆ ಜಾಗ ಬೇಕು, ಕಟ್ಟಡ ಬೇಕು, ಮನೆಯವರೆಲ್ಲರ ಒಪ್ಪಿಗೆ ಬೇಕು. ಕಾಫಿ ಪುಡಿಗೆ ಅಷ್ಟೆಲ್ಲ ಬೇಡ. ಬೇಡ ಅನ್ನುವ ಕಾರಣಕ್ಕೇ ಜನ ಲೆಕ್ಕ ಹಾಕದೆ ಕೈಹಾಕುತ್ತಾರೆ.

ಪುಡಿಯ ಮಾತಿಗೆ ಮುಂಚೆ ಕಾಗದದ ಮಾತು, ಹಳೆಯ ಕಂಪನಿ ಕಡೆಯಿಂದ ಬರಬೇಕಾದ ದುಡ್ಡಿನ ಕಾಗದ. ಕಚೇರಿ ಮುಚ್ಚಿದ ದಿನ ಕಾಗದ ಜೋಡಿಸಿಕೊಳ್ಳಲು ಒಳ್ಳೆಯ ದಿನ.

ಹಳೆಯ ಕಂಪನಿಯಿಂದ ಹೊರಬೀಳುವ ಮುನ್ನವೇ ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ನಮೂದಾಗುವಂತೆ ನೋಡಿಕೊಳ್ಳಬೇಕು. ಕಂಪನಿ ಹಾಕದಿದ್ದರೆ ನಾವೇ ಪಿಎಫ್ ಸದಸ್ಯರ ಯುಎಎನ್ ಪೋರ್ಟಲ್‌ನಲ್ಲಿ ಹಾಕಬಹುದು, ಆದರೆ ಕೊನೆಯ ವಂತಿಗೆ ಬಿದ್ದು ಎರಡು ತಿಂಗಳು ಕಳೆದಿರಬೇಕು. 2024ರಲ್ಲಿದ್ದ ನಿಯಮದಂತೆ ಕೆಲಸವಿಲ್ಲದೆ ಒಂದು ತಿಂಗಳಾದರೆ ಶೇ. 75ರಷ್ಟು, ಎರಡು ತಿಂಗಳಾದರೆ ಪೂರ್ತಿ ತೆಗೆಯಬಹುದಿತ್ತು. ಪಿಎಫ್‌ಗೆ 19ನೇ ಫಾರಂ. ಪಿಂಚಣಿ ಭಾಗಕ್ಕೆ 10ಸಿ. ಹತ್ತು ವರ್ಷ ಸೇವೆ ಮುಗಿಸಿದವರಿಗೆ ಪಿಂಚಣಿ ಭಾಗ ನಗದಾಗಿ ಸಿಗುವುದಿಲ್ಲ, ಸೇವೆಯ ವರ್ಷಗಳನ್ನು ದಾಖಲಿಸುವ ಸ್ಕೀಮ್ ಸರ್ಟಿಫಿಕೇಟ್ ಸಿಗುತ್ತದೆ.

ಅರ್ಜಿ ತಿರಸ್ಕಾರವಾಗುವುದು ಸಾಮಾನ್ಯವಾಗಿ ಸಣ್ಣ ಕಾರಣಕ್ಕೆ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪಿಎಫ್‌ನಲ್ಲಿ ಮುಂದೆ. ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ: ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕಿನ ಹಳೆಯ ಖಾತೆಗಳು. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಪಿಎಫ್ ದಾಖಲೆಯಲ್ಲಿ ಮಾತ್ರ ಹಳೆಯ ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಕೋಡ್) ಹಾಗೇ ಕೂತಿರುತ್ತದೆ. ಅದನ್ನು ತಿದ್ದಿಸದೆ ಅರ್ಜಿ ಹಾಕಿ ಪ್ರಯೋಜನವಿಲ್ಲ.

ಐದು ವರ್ಷ ತುಂಬುವ ಮುನ್ನ 50,000ಕ್ಕೆ ಮೇಲ್ಪಟ್ಟು ತೆಗೆದರೆ ಶೇ. 10 ತೆರಿಗೆ ಹಿಡಿಯುತ್ತಾರೆ. ವರ್ಷದ ಆದಾಯಕ್ಕೆ ತೆರಿಗೆಯೇ ಬರುವುದಿಲ್ಲ ಅನ್ನುವವರು ತೆರಿಗೆ ಹಿಡಿಯಬೇಡಿ ಎಂಬ ಘೋಷಣೆ ಕೊಡಬಹುದು (2024ರಲ್ಲಿ ಅದು 15ಜಿ ಫಾರಂ). ಬೇರೆ ಕೆಲಸ ಸಿಗುವ ಸಾಧ್ಯತೆ ಇದ್ದರೆ ದುಡ್ಡನ್ನು ಅಲ್ಲೇ ಬಿಡುವುದು ವಾಸಿ: 2023-24ಕ್ಕೆ ಶೇ. 8.25 ಬಡ್ಡಿ ಕೊಟ್ಟಿದ್ದಾರೆ, ಹೊಸ ಕಂಪನಿಗೆ ವರ್ಗಾಯಿಸಿದರೆ ಸೇವೆಯ ವರ್ಷಗಳೂ ಕೂಡಿಕೊಳ್ಳುತ್ತವೆ.

ಐದು ವರ್ಷ ಮುಗಿಸಿದವರು, ಸೇವೆಗಾಗಿ ಕಂಪನಿ ಕೊಡಬೇಕಾದ ಗ್ರಾಚ್ಯುಟಿ ಮರೆಯಬಾರದು. 2024ರ ನಿಯಮದಂತೆ ಮೂಲವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ 26ರಿಂದ ಭಾಗಿಸಿ 15ರಿಂದ ಗುಣಿಸಿ, ಆಮೇಲೆ ವರ್ಷಗಳಿಂದ ಗುಣಿಸಬೇಕಿತ್ತು. 26,000 ಇದ್ದವರಿಗೆ ವರ್ಷಕ್ಕೆ 15,000, ಆರು ವರ್ಷಕ್ಕೆ 90,000. ಮೂವತ್ತು ದಿನದೊಳಗೆ ಕೊಡಬೇಕು ಎಂದು ಕಾನೂನೇ ಹೇಳುತ್ತದೆ. ಬಾಯಲ್ಲಿ ಕೇಳಿದರೆ ಸಾಲದು, ಬರೆದು ಕೇಳಿ ಒಂದು ಪ್ರತಿ ಇಟ್ಟುಕೊಳ್ಳಬೇಕು.

ಇನ್ನು ಪುಡಿ.

ಮೊದಲ ತಪ್ಪು ಯಂತ್ರ ಕೊಳ್ಳುವುದು. ಪಿಎಫ್ ದುಡ್ಡು ಬಂದ ವಾರವೇ ಬೀಜ ಹುರಿಯುವ ರೋಸ್ಟರ್‌ಗೆ ಅಡ್ವಾನ್ಸ್ ಹೋಗಿರುತ್ತದೆ. ಚಿಕ್ಕಮಗಳೂರಿನಂಥ ಊರಿನಲ್ಲಿ ಕೂಲಿಗೆ ಹುರಿದು ಪುಡಿ ಮಾಡಿಕೊಡುವವರು ಸಿಗುತ್ತಾರೆ. ಮೊದಲ ಆರು ತಿಂಗಳು ಹತ್ತು ಹತ್ತು ಕೆಜಿ ಹುರಿಸಿಕೊಂಡು ಬಂದರೆ ಸಾಕು. ಆಮೇಲೂ ಯಂತ್ರ ಬೇಕೆನಿಸಿದರೆ ಎಷ್ಟು ಕೆಜಿಯದು ಬೇಕು ಅನ್ನುವುದು ಆಗ ತಾನಾಗಿ ಗೊತ್ತಿರುತ್ತದೆ.

ಲೆಕ್ಕ ಹೀಗೆ. ಶುದ್ಧ ಬೀಜ (ಹೊಟ್ಟು ತೆಗೆದ ಹಸಿ ಕಾಫಿ ಬೀಜ) ಕೆಜಿಗೆ 400 ಎಂದಿಟ್ಟುಕೊಳ್ಳೋಣ, ಹುರಿದು ಪುಡಿ ಮಾಡುವ ಕೂಲಿ 30. ಹತ್ತು ಕೆಜಿಗೆ 4,300 ಆಯಿತು. ಇಲ್ಲಿ ಎಲ್ಲರೂ ಕೆಜಿಗೆ 430 ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ಹುರಿದಾಗ ಬೀಜ ತೂಕ ಕಳೆದುಕೊಳ್ಳುತ್ತದೆ: ಹದ ಹುರಿತಕ್ಕೆ ಶೇ. 15ರಿಂದ 18, ಕಪ್ಪಗೆ ಹುರಿದರೆ 20. ಪುಡಿ ಯಂತ್ರದಲ್ಲಿ ಇನ್ನೊಂದಿಷ್ಟು ಅಂಟಿ ಉಳಿಯುತ್ತದೆ. ಹತ್ತು ಕೆಜಿ ಕೊಟ್ಟರೆ ಕೈಗೆ ಬರುವುದು ಎಂಟೂಕಾಲು ಕೆಜಿ ಆಸುಪಾಸು. 8.2 ಎಂದು ಹಿಡಿದರೆ ಕೆಜಿಗೆ 524 ಬಿತ್ತು. ಕಾಲು ಕೆಜಿಯ ನಾಲ್ಕು ಪೌಚು, ಲೇಬಲ್ಲು ತಲಾ 8 ರೂಪಾಯಿಯಂತೆ 32. ಒಟ್ಟು 556.

ಎಂಆರ್‌ಪಿ 700 ಇಟ್ಟು ಅಂಗಡಿಗೆ ಶೇ. 20 ಬಿಟ್ಟರೆ ನಮಗೆ ಬರುವುದು 560. ಕೆಜಿಗೆ ನಾಲ್ಕು ರೂಪಾಯಿ ಲಾಭ! ಪೆಟ್ರೋಲ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಅದೇ ಪುಡಿಯನ್ನು ಮನೆಗಳಿಗೆ ನೇರ ಕೊಟ್ಟರೆ 144 ಉಳಿಯುತ್ತದೆ. ತಿಂಗಳಿಗೆ 15,000 ಬೇಕೆಂದರೆ 104 ಕೆಜಿ ಹೋಗಬೇಕು. ತಿಂಗಳಿಗೆ ಮುಕ್ಕಾಲು ಕೆಜಿ ಖರ್ಚಾಗುವ ಮನೆಗಳೆಂದರೂ 140 ಮನೆ ಬೇಕು. ಬೀಜದ ಬೆಲೆ ಏರಿಳಿಯುತ್ತದೆ, ಆದ್ದರಿಂದ 400ರ ಜಾಗದಲ್ಲಿ ಅವತ್ತಿನ ದರ ಹಾಕಿ ಮತ್ತೆ ಕೂಡಿಸಬೇಕು. ಲೆಕ್ಕದ ದಾರಿ ಬದಲಾಗುವುದಿಲ್ಲ.

ಹೀಗಾಗಿ ಕೆಲಸ ಕಳೆದುಕೊಂಡವರ ಬೆನ್ನು ತಟ್ಟಿ 'ಧೈರ್ಯ ತಗೋ ಮಾರಾಯ' ಅನ್ನುವ ನೆಂಟರು ಅರ್ಧ ಕೆಜಿ ಪುಡಿ ಹೇಳಿ ಹೋದರೆ ಹೆಚ್ಚು ಉಪಕಾರ. ಅದೂ ನಗದಿಗೆ. ಪುಕ್ಕಟೆ ಸ್ಯಾಂಪಲ್ ಬೇಕಾದರೆ 50 ಗ್ರಾಂ ಪೊಟ್ಟಣ ಸಾಕು.

ಚಿಕೋರಿ (ಒಂದು ಗಿಡದ ಹುರಿದ ಬೇರಿನ ಪುಡಿ) ಬೆರೆಸಿದರೆ ಖರ್ಚು ಇಳಿಯುತ್ತದೆ. ಚಿಕೋರಿ ಕೆಜಿಗೆ 200 ಎಂದುಕೊಂಡರೆ 80:20 ಮಿಶ್ರಣ ಪೌಚಿನ ಸಮೇತ 491ಕ್ಕೆ ಬರುತ್ತದೆ. ಡಿಕಾಕ್ಷನ್ ಗಟ್ಟಿಯಾಗಿ ಕಾಣುವುದರಿಂದ ಅದನ್ನೇ ಕೇಳುವವರೂ ಇದ್ದಾರೆ. ಆದರೆ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಲೇಬೇಕು. ಹೇಳದೆ ಬೆರೆಸಿದರೆ ಅದು ಕಲಬೆರಕೆ. ಚಿಕೋರಿ ಗಾಳಿಯ ತೇವ ಎಳೆಯುತ್ತದೆ. ಮಲೆನಾಡಿನ ಜುಲೈನಲ್ಲಿ ಸೀಲು ಸ್ವಲ್ಪ ಸಡಿಲವಿದ್ದರೂ ಪುಡಿ ಬೆಲ್ಲದ ಅಚ್ಚಿನಂತೆ ಗಟ್ಟಿಯಾಗುತ್ತದೆ. ಸೀಲು ಸಡಿಲಾಗುವುದು ಹೆಚ್ಚಾಗಿ ಪೌಚಿನ ಬಾಯಿಗೆ ಪುಡಿ ಅಂಟಿರುವುದರಿಂದ. ಒಣಬಟ್ಟೆಯಲ್ಲಿ ಒರೆಸಿ ಸೀಲ್ ಮಾಡಿದರೆ ಅರ್ಧ ತಾಪತ್ರಯ ತಪ್ಪುತ್ತದೆ.

ಬೀಜ ಕೊಳ್ಳುವಾಗ ಪರಿಚಯದ ತೋಟದವರು 'ಮನೆ ಕಾಫಿ' ಎಂದು ಕೊಡುತ್ತಾರೆ. ಶುದ್ಧ ಬೀಜವೋ, ಸಿಪ್ಪೆ ಬಿಡಿಸಿ ಹೊಟ್ಟಿನ ಸಮೇತ ಒಣಗಿಸಿದ ಪಾರ್ಚ್‌ಮೆಂಟೋ, ಹಣ್ಣನ್ನು ಹಾಗೇ ಒಣಗಿಸಿದ ಚೆರ್ರಿಯೋ ಕೇಳಿಕೊಳ್ಳಬೇಕು. 50 ಕೆಜಿ ಪಾರ್ಚ್‌ಮೆಂಟ್ ಹಲ್ಲಿಂಗ್ ಮಾಡಿಸಿ ಹೊಟ್ಟು ತೆಗೆಸಿದರೆ ಸುಮಾರು 40 ಕೆಜಿ ಬೀಜ ಬರುತ್ತದೆ. 50 ಕೆಜಿ ರೋಬಸ್ಟಾ ಚೆರ್ರಿಗೆ 26ರಿಂದ 28 ಅಷ್ಟೆ. 'ಔಟ್‌ಟರ್ನ್ ಎಷ್ಟು?' (50 ಕೆಜಿಗೆ ಬೀಜ ಎಷ್ಟು ಬರುತ್ತದೆ) ಎಂದು ಕೇಳಿದರೆ ಎದುರಿನವರಿಗೂ ಇವರಿಗೆ ವಿಷಯ ಗೊತ್ತಿದೆ ಅನಿಸುತ್ತದೆ. ತೇವ ಶೇ. 11ರ ಆಸುಪಾಸು ಇರಬೇಕು. ಹೆಚ್ಚಿದ್ದರೆ ಬೂಷ್ಟು ಹಿಡಿಯುತ್ತದೆ, ಹುರಿದಾಗ ತೂಕವೂ ಇನ್ನಷ್ಟು ಇಳಿಯುತ್ತದೆ. ಅಂದರೆ ನೀರಿಗೆ ಬೀಜದ ಬೆಲೆ ಕೊಟ್ಟಂತೆ.

ಹುರಿಸುವಾಗ ಎದುರಿಗೇ ನಿಲ್ಲಬೇಕು. ಬೀಜ ಒಂದೇ ಗಾತ್ರದ್ದಿರಲಿ: ದಪ್ಪದೂ ಒಡೆದ ಬಿಟ್ಸೂ ಒಟ್ಟಿಗೆ ಹಾಕಿದರೆ ಚೂರು ಸುಟ್ಟಿರುತ್ತದೆ, ದಪ್ಪದ್ದು ಒಳಗೆ ಹಸಿ ಇರುತ್ತದೆ. ಅರೇಬಿಕಾ, ರೋಬಸ್ಟಾ ಬೇರೆ ಬೇರೆ ಹುರಿದು ಆಮೇಲೆ ಬೆರೆಸಬೇಕು, ಎರಡರ ಹದ ಒಂದೇ ಹೊತ್ತಿಗೆ ಬರುವುದಿಲ್ಲ. ಉರಿ ಜೋರಾದರೆ ಹೊರಗೆ ಬಣ್ಣ, ಒಳಗೆ ಹುಲ್ಲಿನ ವಾಸನೆ. ತೀರಾ ಸಣ್ಣ ಉರಿಯಲ್ಲಿ ಎಳೆದರೆ ಪರಿಮಳವೇ ಸತ್ತು ಸಪ್ಪೆ. ಬೀಜ ಚಟಚಟ ಸಿಡಿಯುವ ಸದ್ದು ಶುರುವಾದದ್ದು ಎಷ್ಟನೇ ನಿಮಿಷಕ್ಕೆ, ಇಳಿಸಿದ್ದು ಎಷ್ಟಕ್ಕೆ ಎಂದು ಬರೆದಿಟ್ಟರೆ ಮುಂದಿನ ಸಲ ಅದೇ ರುಚಿ ಬರುತ್ತದೆ. ಇಳಿಸಿದ ಕೂಡಲೇ ಹರವಿ ಗಾಳಿ ಹಾಯಿಸಿ ಆರಿಸಬೇಕು. ರಾಶಿ ಬಿಟ್ಟರೆ ತನ್ನ ಶಾಖಕ್ಕೇ ಬೀಜ ಇನ್ನೂ ಹುರಿಯುತ್ತಿರುತ್ತದೆ.

ಬಿಸಿ ಬಿಸಿ ಪುಡಿ ಮಾಡಿ ಪ್ಯಾಕ್ ಮಾಡಿದರೆ ಪೌಚು ರಾತ್ರಿ ಬೆಳಗಾಗುವುದರೊಳಗೆ ಚೆಂಡಿನಂತೆ ಉಬ್ಬಿರುತ್ತದೆ. ಹುರಿದ ಬೀಜ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅದಕ್ಕೇ ಒಂದು ದಿನ ಬಿಟ್ಟು ಪುಡಿ ಮಾಡಬೇಕು, ಇಲ್ಲವೇ ಗಾಳಿ ಹೊರಬಿಡುವ ವಾಲ್ವ್ ಇರುವ ಪೌಚು ಕೊಳ್ಳಬೇಕು. ಪುಡಿ ತೀರಾ ನುಣ್ಣಗಾದರೆ ಫಿಲ್ಟರ್ ಕಟ್ಟಿಕೊಂಡು ಡಿಕಾಕ್ಷನ್ ಇಳಿಯುವುದಿಲ್ಲ. ಗಿರಾಕಿ ದೂರುವುದು ಮಾತ್ರ ಫಿಲ್ಟರನ್ನಲ್ಲ, ಪುಡಿಯನ್ನು.

ಪರವಾನಗಿ ವಿಷಯ ಹೆದರುವಷ್ಟಿಲ್ಲ. 2024ರಲ್ಲಿ ವಾರ್ಷಿಕ ವಹಿವಾಟು 12 ಲಕ್ಷದೊಳಗಿದ್ದವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಇತ್ತು. ಸಣ್ಣ ಉದ್ದಿಮೆಗಳ 'ಉದ್ಯಮ' ನೋಂದಣಿ ಪುಕ್ಕಟೆ, ಆಧಾರ್, ಪ್ಯಾನ್ ಸಾಕು. ಅದಕ್ಕೆ ಸಾವಿರಗಟ್ಟಲೆ ಕೇಳುವ ವೆಬ್‌ಸೈಟುಗಳಿವೆ, ಅವು ಸರ್ಕಾರದವಲ್ಲ. ರಾಜ್ಯದೊಳಗೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ, ಆದರೆ ಚೆನ್ನೈನ ಗೆಳೆಯನಿಗೆ ಕೊರಿಯರಿನಲ್ಲಿ ಮಾರಿದರೆ ಬೇಕು. ಪೊಟ್ಟಣದ ಮೇಲೆ ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ತಿಂಗಳು, ವಿಳಾಸ, ದೂರಿಗೊಂದು ಫೋನ್ ನಂಬರ್ ಇರಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ (ತೂಕ-ಅಳತೆ) ಇಲಾಖೆಯ ಮುದ್ರೆಯನ್ನು ಪ್ರತಿವರ್ಷ ಹಾಕಿಸಬೇಕು.

ಸಾಲ ಬೇಕೆನ್ನುವ ಹೊತ್ತಿಗೆ ಕೇಂದ್ರದ ಸ್ವಉದ್ಯೋಗ ಯೋಜನೆ ಪಿಎಂಇಜಿಪಿ, ಪಿಎಂಎಫ್‌ಎಂಇ (ಸಣ್ಣ ಆಹಾರ ಘಟಕಗಳ ಯೋಜನೆ) ಎರಡನ್ನೂ ವಿಚಾರಿಸಬಹುದು. ಎರಡನೆಯದರಲ್ಲಿ 2024ರ ಹೊತ್ತಿಗೆ ಸಹಾಯಧನ ಶೇ. 35, ಗರಿಷ್ಠ 10 ಲಕ್ಷ ಇತ್ತು. ಇದು ಕೈಗೆ ಬರುವ ದುಡ್ಡಲ್ಲ. ಬ್ಯಾಂಕು ಮೊದಲು ಸಾಲ ಮಂಜೂರು ಮಾಡಬೇಕು, ಸಹಾಯಧನ ಮೂರು ವರ್ಷ ಬ್ಯಾಂಕಿನಲ್ಲೇ ಕೂತು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಪಿಎಂಇಜಿಪಿಯ ಮೊದಲ ಸಾಲ ಹೊಸ ಘಟಕಕ್ಕೆ ಮಾತ್ರ, ಆದ್ದರಿಂದ ಮೊದಲೇ ಯಂತ್ರ ಕೊಂಡು ಕೂತವರು ಅಲ್ಲೂ ಸೋಲುತ್ತಾರೆ. ಜಿಲ್ಲೆಯ ಲೀಡ್ ಬ್ಯಾಂಕ್ ನಡೆಸುವ ಸ್ವಉದ್ಯೋಗ ತರಬೇತಿ ಕೇಂದ್ರ, ಅಂದರೆ ಆರ್‌ಸೆಟಿಯಲ್ಲಿ ಊಟ, ವಸತಿ ಸಮೇತ ಪುಕ್ಕಟೆ ತರಬೇತಿ ಇದೆ. ಹುರಿಯುವುದನ್ನೇ ಕಲಿಯುವವರಿಗೆ ಕಾಫಿ ಬೋರ್ಡಿನ ಕಾಪಿ ಶಾಸ್ತ್ರ ತರಬೇತಿ ಬೆಂಗಳೂರಿನಲ್ಲಿ ನಡೆಯುತ್ತದೆ.

ಇದೆಲ್ಲ ಕುದುರುವವರೆಗೆ ಮನೆ ಖರ್ಚಿಗೆ? ಕೊಯ್ಲು ಫೆಬ್ರವರಿವರೆಗೂ ಇದೆ. ತೋಟಗಳಲ್ಲಿ ಹಾಜರಿ, ತೂಕ, ಬಟವಾಡೆ ನೋಡಿಕೊಳ್ಳಲು ರೈಟರ್‌ಗಳು ಬೇಕಾಗುವ ಕಾಲ ಇದು. ಎಕ್ಸೆಲ್ ಬಲ್ಲವರಿಗೆ ಹಾಜರಿ ಪುಸ್ತಕ ಒಂದು ವಾರದ ಕಲಿಕೆ. ಸಂಬಳ ಬೆಂಗಳೂರಿನದಲ್ಲ, ನಿಜ. ಆದರೆ ಯಾವ ಬ್ಲಾಕಿನ ಹಣ್ಣು ಹೇಗೆ, ಯಾರ ಕಣದಲ್ಲಿ ಸರಿಯಾಗಿ ಒಣಗುತ್ತದೆ ಅನ್ನುವುದು ಅಲ್ಲಿ ಸಂಬಳದ ಜೊತೆಗೇ ಸಿಗುತ್ತದೆ. ಮಾರ್ಚಿನಲ್ಲಿ ಬೀಜ ಕೊಳ್ಳಲು ಯಾರ ಗೇಟು ತಟ್ಟಬೇಕೆಂದು ಆಗ ಗೊತ್ತಿರುತ್ತದೆ.

ನಾಳೆ ಮಂಗಳವಾರ, ಬ್ಯಾಂಕು ತೆರೆಯುತ್ತದೆ. ಮೊದಲು ಆ ಐಎಫ್‌ಎಸ್‌ಸಿ.