ಒಂದೇ ಒಂದು ಅಮ್ಮೀಟರ್ ಇತ್ತು

ನಮ್ಮ ಶಾಲೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದದ್ದು ಒಂದೇ ಅಮ್ಮೀಟರ್, ಕರೆಂಟ್ ಅಳೆಯುವ ಉಪಕರಣ. ಕಳೆದ ವರ್ಷ ನನ್ನ ಕಣ್ಣೆದುರೇ ಅದೂ ಸುಟ್ಟುಹೋಯಿತು. ಸ್ಟಾಕ್ ರಿಜಿಸ್ಟರಿನಲ್ಲಿ ಈಗಲೂ ‘ಸುಸ್ಥಿತಿಯಲ್ಲಿದೆ’ ಅಂತಲೇ ಇದೆ, ಆ ಮಾತು ಬೇರೆ.

ಕಲಿಕಾ ಶೈಲಿಯ ತರಬೇತಿ ಮುಗಿಸಿ ಬಂದ ಹೊಸತು. ಮಕ್ಕಳ ಶೈಲಿ ನೋಡಿ ಪಾಠ ಮಾಡಿ, ವಿಜ್ಞಾನದಲ್ಲಿ ಆಸಕ್ತಿ ತಾನಾಗಿ ಹುಟ್ಟುತ್ತದೆ ಅಂದಿದ್ದರು. (ನಮಗೆ ಮಾತ್ರ ಮೂರು ದಿನವೂ ಬರೀ ಪಿಪಿಟಿ.) ನನ್ನ ಹತ್ತನೇ ತರಗತಿಯವರು ಊಟದ ನಂತರದ ಪೀರಿಯಡ್‌ನಲ್ಲಿ ಆಕಳಿಸುತ್ತಾ ಕೂರುವವರು, ಹಾಗಾಗಿ ನಾನೂ ನಂಬಿಬಿಟ್ಟೆ. ಪ್ರಶ್ನಾವಳಿ ತುಂಬಿಸಿ, ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಅಂತ ಮೂರು ಗುಂಪು ಮಾಡಿ ಗೋಡೆಗೆ ಚಾರ್ಟ್ ಅಂಟಿಸಿದೆ. ವಿದ್ಯುಚ್ಛಕ್ತಿ ಪಾಠ ಬಂದಾಗ ಕಿಟ್ ಸಿಕ್ಕಿದ್ದು ಮೂರನೇ ಗುಂಪಿಗೆ ಮಾತ್ರ.

ಅವತ್ತೇ ಶಿಕ್ಷಣ ಇಲಾಖೆಯ ವಿಸಿಟ್. ಸಾಹೇಬರು ಹಿಂದೆ ನಿಂತಿದ್ದರು, ಎಚ್ಎಂ ಫೋಟೋ ತೆಗೆಯುತ್ತಿದ್ದರು. ನಾನು ಸಾಹೇಬರಿಗೆ ಚಾರ್ಟ್ ವಿವರಿಸುತ್ತಾ ಮಕ್ಕಳ ಕಡೆ ಬೆನ್ನು ಹಾಕಿದ್ದೆ. ಅಷ್ಟರಲ್ಲಿ ಕೇಳುವ ಗುಂಪಿನ ಹುಡುಗಿಯೊಬ್ಬಳು, ವರ್ಷವಿಡೀ ಬಾಯಿ ಬಿಡದವಳು, ಎದ್ದು ನಿಂತು ‘ಸಾರ್, ಅದು ಸರಣಿಯಲ್ಲಿ ಬರಬೇಕಲ್ವಾ’ ಅಂದಳು. ನಾನು ತಿರುಗದೆಯೇ ‘ನಿಮ್ಮ ಗುಂಪಿಗೆ ಆಮೇಲೆ ಹೇಳ್ತೀನಿ, ಕೂತ್ಕೋ’ ಅಂದೆ. ಅವಳು ಕೂತಳು. ಸರಣಿಯಲ್ಲಿ, ಅಂದರೆ ಕರೆಂಟ್ ಹರಿಯುವ ದಾರಿಯಲ್ಲಿ ಉಳಿದ ಉಪಕರಣಗಳ ಜೊತೆ ಸಾಲಾಗಿ ಬರಬೇಕಿದ್ದ ಅಮ್ಮೀಟರನ್ನು ಹುಡುಗರು ನೇರ ಬ್ಯಾಟರಿಯ ಎರಡು ತುದಿಗೆ ಜೋಡಿಸಿಯೇಬಿಟ್ಟರು. ಮುಳ್ಳು ಟಕ್ ಅಂತ ಕೊನೆಗೆ ಬಡಿಯಿತು, ಆಮೇಲೆ ಆ ವಾಸನೆ. ಯಾರೂ ಮಾತಾಡಲಿಲ್ಲ. ಎಚ್ಎಂ ಮೊಬೈಲ್ ಜೇಬಿಗೆ ಇಳಿಸಿದರು.

ಸಂಜೆ ಅವಳನ್ನು ಕರೆದು ಕೇಳಿದೆ. ಅವರ ತೋಟದ ಬೋರ್‌ವೆಲ್ ಪ್ಯಾನಲ್ ಬೋರ್ಡಿನ ಅಮ್ಮೀಟರ್ ನೋಡುವುದು ದಿನಾ ಅವಳದೇ ಕೆಲಸವಂತೆ. ಆಂಪ್ಸ್, ಅಂದರೆ ಅದು ತೋರಿಸುವ ಕರೆಂಟ್, ಇಳಿದರೆ ನೀರು ಕಡಿಮೆಯಾಗಿದೆ ಅಂತ ಓಡಿಹೋಗಿ ಮೋಟರ್ ಆಫ್ ಮಾಡಬೇಕು. ಮತ್ತೆ ಕೇಳುವ ಗುಂಪಿಗೆ ಹೇಗೆ ಬಂದೆ ಅಂದರೆ, ‘ಬೆಲ್ ಹೊಡೆಯೋದ್ರೊಳಗೆ ಮುಗಿಸಿ ಅಂದ್ರಲ್ಲ ಸಾರ್, ಎಲ್ಲದಕ್ಕೂ ಸುಮ್ನೆ ‘ಆ’ಗೆ ಟಿಕ್ ಹಾಕ್ದೆ.’

ರಾತ್ರಿ ಕೂತು ಹುಡುಕಿ ಓದಿದೆ. ಇಂಥ ಪ್ರಶ್ನಾವಳಿಗಳಲ್ಲಿ ಜಾಸ್ತಿ ಹೆಸರಾದದ್ದು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಅವರದು, ಅವರೂ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವರೇ. ಅವರು ಹೇಳಿದ್ದು ನಾಲ್ಕು ಬಗೆ. ಓದು-ಬರಹ ಅನ್ನುವುದು ನಮ್ಮ ತರಬೇತಿ ತಲುಪುವಷ್ಟರಲ್ಲಿ ಎಲ್ಲೋ ಬಿದ್ದುಹೋಗಿತ್ತು. ಶೈಲಿಗೆ ಹೊಂದಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಅನ್ನಲು ಸಾಕಷ್ಟು ಪುರಾವೆಯೇ ಇಲ್ಲ ಅಂತ ಪ್ಯಾಶ್ಲರ್ ಮತ್ತು ಇನ್ನು ಮೂವರು ಮನಃಶಾಸ್ತ್ರಜ್ಞರು 2008ರಲ್ಲೇ ಬರೆದಿದ್ದಾರೆ. ಮಕ್ಕಳಿಗೆ ಇಷ್ಟದ ರೀತಿ ಅಂತ ಇರುತ್ತದೆ, ಸರಿ. ಆದರೆ ಓಮನ ನಿಯಮವನ್ನು ಬರೀ ಕೇಳಿ ಕಲಿ ಅಂತ ಒಂದು ಮಗುವನ್ನು ಕೂರಿಸಿದ್ದು ನನ್ನ ದಡ್ಡತನ.

ಮರುದಿನ ಅವಳೇ ಎದ್ದು ಕೇಳಿದಳು: ‘ನೀರು ಕಡಿಮೆಯಾದ್ರೆ ಆಂಪ್ಸ್ ಯಾಕೆ ಇಳಿಯುತ್ತೆ ಸಾರ್?’ ಯಾರೂ ಆಕಳಿಸಲಿಲ್ಲ, ಬೋರ್‌ವೆಲ್ ಇದ್ದವರೆಲ್ಲ ಒಟ್ಟಿಗೆ ಮಾತಾಡಲು ಶುರು ಮಾಡಿದರು. ಎತ್ತುವ ನೀರು ಕಡಿಮೆಯಾದರೆ ಮೋಟರಿನ ಮೇಲಿನ ಭಾರ ಇಳಿಯುತ್ತದೆ, ಅದು ಎಳೆಯುವ ಕರೆಂಟೂ ಇಳಿಯುತ್ತದೆ ಅಂತ ತಿಳಿಸುವಷ್ಟರಲ್ಲಿ ಎರಡು ಪೀರಿಯಡ್ ಹೋಯಿತು. ಸಿಲಬಸ್ ಹಿಂದೆ ಬಿತ್ತು ಅಂತ ಎಚ್ಎಂ ಪಾಠಯೋಜನೆಯಲ್ಲಿ ಕೆಂಪು ಗೆರೆ ಎಳೆದರು. ಚಾರ್ಟ್ ಇನ್ನೂ ಗೋಡೆಯಲ್ಲೇ ಇದೆ, ಮುಂದಿನ ವಿಸಿಟ್‌ಗೆ ಬೇಕಂತೆ.