ತಾವೋ ಪಾಠ, ಸಾಲದ ಪಟ್ಟಿ ಮತ್ತು ಕಾಲೇಜಿನ ಜಗಳ

ತತ್ವಶಾಸ್ತ್ರ ಅಂದ ಕೂಡಲೇ ಕೊನೆ ಬೆಂಚು ನಿದ್ದೆಗೆ ಜಾರುತ್ತದೆ. ಸಾಲ ವಸೂಲಿ ಅಂದರೆ ಎದ್ದು ಕೂರುತ್ತದೆ. ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಹೇಳುವ ನನಗೆ, ಪ್ರಾಚೀನ ಚೀನಾದ ಪಾಠ ಬಂದಾಗ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ನೋಟ್ಸ್‌ನಲ್ಲಿ ಆ ಕಾಲದ ತತ್ವಜ್ಞಾನಿ ಲಾವೋತ್ಸೆಗೆ ಸಿಗುವುದು ಒಂದೇ ಪ್ಯಾರಾ. ನಿಸರ್ಗದ ಜೊತೆ ಬದುಕು, ನೀರಿನ ಹಾಗೆ ಮೆತ್ತಗಿರು. ಐದು ಮಾರ್ಕಿಗೆ ಸಾಕು. ಅಷ್ಟನ್ನೇ ಓದಿದ ಹುಡುಗರಿಗೆ ಅವನ ತಾವೋ (ಚೀನೀ ಭಾಷೆಯಲ್ಲಿ 'ದಾರಿ') ಅಂದರೆ ಬೆಟ್ಟದ ಮೇಲೆ ಸುಮ್ನೆ ಕೂತ ಗಡ್ಡದ ಮುದುಕ, ಅಷ್ಟೇ. ಅದಕ್ಕೇ ನಾನು ಯುದ್ಧದಿಂದ ಶುರು ಮಾಡುತ್ತೇನೆ.

ಕ್ರಿ.ಪೂ. 475ರಿಂದ 221ರವರೆಗೆ ಚೀನಾದ ರಾಜ್ಯಗಳು ಒಂದನ್ನೊಂದು ನುಂಗುತ್ತಲೇ ಇದ್ದವು. 260ರಲ್ಲಿ ಚಾಂಗ್‌ಪಿಂಗ್‌ನಲ್ಲಿ ಝಾವೋ ರಾಜ್ಯದ ಸೇನೆ ಚಿನ್ ರಾಜ್ಯದ ಸೇನೆಗೆ ಶರಣಾಯಿತು. ಚಿನ್ ಸೇನಾಪತಿ ಬಾಯ್ ಚಿ ಸುಮಾರು ನಾಲ್ಕು ಲಕ್ಷ ಜನರನ್ನು ಕೊಲ್ಲಿಸಿ, ತೀರಾ ಚಿಕ್ಕವರಾದ 240 ಮಂದಿಯನ್ನು ಮಾತ್ರ ಊರಿಗೆ ಕಳಿಸಿದ ಅಂತ ಚೀನಾದ ಹಳೆಯ ಇತಿಹಾಸಕಾರ ಸಿಮಾ ಚಿಯಾನ್ ಬರೆದಿದ್ದಾನೆ. ನಾಲ್ಕು ಲಕ್ಷ ಜಾಸ್ತಿಯಾಯಿತು ಅನ್ನುವ ಇತಿಹಾಸಕಾರರೂ ಇದ್ದಾರೆ. ಕ್ಲಾಸಿನಲ್ಲಿ ಆ ಲಕ್ಷಗಳ ಬಗ್ಗೆ ಯಾರೂ ಕೇಳುವುದಿಲ್ಲ. "ಆ 240 ಜನರನ್ನ ಯಾಕೆ ಬಿಟ್ಟ ಸಾರ್?" ಅಂತಾರೆ. ನೀವೇ ಹೇಳಿ ಅನ್ನುತ್ತೇನೆ. ಉತ್ತರಕ್ಕೆ ಜಾಸ್ತಿ ಹೊತ್ತು ಬೇಕಾಗುವುದಿಲ್ಲ.

ಆಮೇಲೆ ಲಾವೋತ್ಸೆಯದೆನ್ನುವ ಪುಸ್ತಕ ತಾವೋ ತೆ ಚಿಂಗ್‌ನ 30 ಮತ್ತು 31ನೇ ಅಧ್ಯಾಯ. ಸೇನೆ ಬೀಡುಬಿಟ್ಟ ಕಡೆ ಮುಳ್ಳು ಬೆಳೆಯುತ್ತದೆ, ದೊಡ್ಡ ಯುದ್ಧದ ಬೆನ್ನಿಗೇ ಬರ ಬರುತ್ತದೆ ಅನ್ನುತ್ತದೆ ಮೊದಲನೆಯದು. ಎರಡನೆಯದು ಯಾರು ಎಲ್ಲಿ ನಿಲ್ಲಬೇಕು ಅಂತ ಹೇಳುತ್ತದೆ. ಶುಭ ಕಾರ್ಯದಲ್ಲಿ ಎಡಗಡೆಗೆ ಮರ್ಯಾದೆ, ಸಾವಿನ ಕಾರ್ಯದಲ್ಲಿ ಬಲಗಡೆಗೆ. ಸೇನೆಯಲ್ಲಿ ಕಿರಿಯ ಸೇನಾಪತಿ ಎಡಕ್ಕೆ, ದೊಡ್ಡವನು ಬಲಕ್ಕೆ. ಗೆದ್ದವನಿಗೂ ಸಾವಿನ ಮನೆಯ ರೀತಿ ರಿವಾಜೇ. 1993ರಲ್ಲಿ ಚೀನಾದ ಗುವೋದಿಯಾನ್ ಗೋರಿಯಲ್ಲಿ ಸಿಕ್ಕ, ಕ್ರಿ.ಪೂ. 300ರ ಆಸುಪಾಸಿನ ಬಿದಿರು ಪಟ್ಟಿಗಳಲ್ಲೂ ಈ ಮಾತಿದೆ. ಅಂದರೆ ಚಾಂಗ್‌ಪಿಂಗ್ ಆಗುವ ಮೊದಲೇ ಯಾರೋ ಇದನ್ನು ಬರೆದಿಟ್ಟಿದ್ದರು.

ಇದನ್ನು ಬರೀ ಬಾಯಲ್ಲಿ ಹೇಳಿದರೆ ನಾಟುವುದಿಲ್ಲ. ಕಬಡ್ಡಿ ಟೀಮಿನ ಕ್ಯಾಪ್ಟನ್‌ನನ್ನು ಕರೆದು ಬಲಗಡೆ ನಿಲ್ಲಿಸುತ್ತೇನೆ. ಕಪ್ ಗೆದ್ದಿದ್ದೀಯಪ್ಪ, ಈಗ ಸೋತವರಿಗಾಗಿ ಅಳು. ಕ್ಲಾಸೆಲ್ಲ ನಗುತ್ತದೆ. ಅವನಿಗೆ ಮಾತ್ರ ಕೈ ಎಲ್ಲಿಡಬೇಕು ಅಂತ ಗೊತ್ತಾಗುವುದಿಲ್ಲ.

ಅಣ್ಣ ಮಿಲಿಟರಿಯಲ್ಲಿರುವ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದ್ದಳು, "ಹಾಗಾದ್ರೆ ಸೈನ್ಯಾನೇ ಬೇಡ ಅಂತಾನಾ ಸಾರ್ ಇವನು?" ಹಾಗೇನಿಲ್ಲ. ಬೇರೆ ದಾರಿಯೇ ಇಲ್ಲದಾಗ ಆಯುಧ ಹಿಡಿ, ಗೆದ್ದರೆ ಅದನ್ನು ಚಂದ ಅನ್ನಬೇಡ ಅಂತ ಅದೇ ಅಧ್ಯಾಯದಲ್ಲಿದೆ. ಅವಳು ಸ್ವಲ್ಪ ಯೋಚಿಸಿ, "ನಮ್ಮಣ್ಣ ಊರಿಗೆ ಬಂದ್ರೆ ಅಲ್ಲಿನ ಮಾತೇ ಎತ್ತಲ್ಲ ಸಾರ್" ಅಂದಳು. ನಾನು ಅದಕ್ಕೆ ಏನೂ ಸೇರಿಸಲಿಲ್ಲ.

ಇನ್ನು ಸಾಲದ ವಿಷಯ. ಆಗ ಕರಾರನ್ನು ಬಿದಿರು ಅಥವಾ ಮರದ ಪಟ್ಟಿಯ ಮೇಲೆ ಬರೆದು ಎರಡಾಗಿ ಸೀಳುತ್ತಿದ್ದರು. ಎಡ ತುಂಡು ಸಾಲ ಕೊಟ್ಟವನದು ಅನ್ನುತ್ತಾರೆ ವ್ಯಾಖ್ಯಾನಕಾರರು. 79ನೇ ಅಧ್ಯಾಯದ ಪ್ರಕಾರ ದೊಡ್ಡ ಹಗೆಯನ್ನು ರಾಜಿ ಮಾಡಿಸಿದರೂ ಒಂದಿಷ್ಟು ಹಗೆ ಉಳಿದೇ ಉಳಿಯುತ್ತದೆ. ತಿಳಿದವನು ಎಡ ತುಂಡನ್ನು ಕೈಯಲ್ಲಿಟ್ಟುಕೊಂಡೂ ವಸೂಲಿಗೆ ಹೋಗುವುದಿಲ್ಲ.

ಕಾಲೇಜ್ ಡೇ ಹತ್ತಿರ ಬಂದರೆ ಹುಡುಗರ ಜಗಳ ಇದ್ದದ್ದೇ. ಸ್ಟಾಫ್ ರೂಮಿನ ಪದ್ಧತಿ ಎಲ್ಲರಿಗೂ ಗೊತ್ತು. ಇಬ್ಬರನ್ನೂ ಕರೆಸು, ಸಾರಿ ಹೇಳಿಸು, ಕೈ ಕುಲುಕಿಸು, ಕಳಿಸು. ಸಂಜೆ ನೋಡಿದರೆ ಒಬ್ಬನ ಬೈಕಿನ ಗಾಳಿ ಹೋಗಿರುತ್ತದೆ! ನಾನು ಸಾರಿ ಹೇಳಿಸುವುದಿಲ್ಲ. ಬೇರೆ ಬೇರೆ ಕೂರಿಸಿ ಒಂದೊಂದು ಹಾಳೆ ಕೊಡುತ್ತೇನೆ. ಅವನಿಂದ ನಿನಗೆ ಏನೇನು ಬಾಕಿ ಬರಬೇಕು, ಬರಿ. ಬರೆದಾದ ಮೇಲೆ, ಯಾವುದನ್ನು ಬಿಟ್ಟುಬಿಡಬಹುದೋ ಅದಕ್ಕೆ ಗೀಟು ಹಾಕು. ಆ ಹಾಳೆಯನ್ನು ಎದುರಿನವನಿಗೆ ತೋರಿಸುವುದಿಲ್ಲ. ಗೀಟುಗಳು ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಬೀಳುತ್ತವೆ. ಸ್ಟೇಜ್ ಹಾಡಿನ ಜಗಳ, ವಾಟ್ಸಾಪ್ ಸ್ಟೇಟಸ್ಸು, ಬೈಕು, ಎಲ್ಲಕ್ಕೂ.

ಒಬ್ಬ ಮಾತ್ರ ಒಂದು ಸಾಲಿಗೆ ಗೀಟು ಹಾಕಲೇ ಇಲ್ಲ. 'ಎಲ್ಲರ ಮುಂದೆ ನಮ್ಮಪ್ಪನ ಕೆಲಸ ಹೇಳಿ ನಕ್ಕಿದ್ದು.' ಬಿಡು ಅಂತ ನಾನೂ ಹೇಳಲಿಲ್ಲ.

ಕೇಡಿಗೆ ಒಳಿತನ್ನೇ ಕೊಡು ಅನ್ನುತ್ತಾನೆ ಲಾವೋತ್ಸೆ, 63ನೇ ಅಧ್ಯಾಯದಲ್ಲಿ. ಇದೇ ಪ್ರಶ್ನೆ ಕನ್ಫ್ಯೂಶಿಯಸ್ ಮುಂದೆಯೂ ಬಂದಿತ್ತು. ಹಾಗಾದರೆ ಒಳಿತು ಮಾಡಿದವನಿಗೆ ಏನು ಕೊಡುತ್ತೀಯ ಅಂತ ತಿರುಗಿ ಕೇಳಿದ ಅವನು. ಕೇಡಿಗೆ ನ್ಯಾಯ, ಒಳಿತಿಗೆ ಒಳಿತು, ಇದು ಅವನ ಉತ್ತರ. ಇಬ್ಬರನ್ನೂ ಚರ್ಚೆಗೆ ಇಟ್ಟರೆ ನನ್ನ ಕ್ಲಾಸು ಹೆಚ್ಚಾಗಿ ಕನ್ಫ್ಯೂಶಿಯಸ್ ಕಡೆ ವಾಲುತ್ತದೆ. ಅಪ್ಪನ ಕೆಲಸಕ್ಕೆ ನಕ್ಕವನ ವಿಷಯದಲ್ಲಿ ನಾನೂ ಅದೇ ಕಡೆ. ಆ ಹಾಳೆ ಪ್ರಿನ್ಸಿಪಾಲರ ಟೇಬಲ್‌ಗೆ ಹೋಯಿತು. ಬೈಕಿನ ಗಾಳಿಯನ್ನು ಲಾವೋತ್ಸೆಗೆ ಬಿಟ್ಟಿದ್ದೇನೆ.