ಪೈಪಿನ ಉದ್ದ ಆಮೇಲೆ, ಮೊದಲು ಶಾಖ: ವಿಮಾನದ ರೋಟರಿ ಎಂಜಿನ್ನಿಗೆ ಸೈಲೆನ್ಸರ್ ಕಟ್ಟಿದ ಕೆಲಸ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು ಸಣ್ಣ ಫ್ಯಾಬ್ರಿಕೇಶನ್ ಶಾಪ್. ಡೇರಿಗಳ ಪೈಪ್ ಕೆಲಸ, ಸಕ್ಕರೆ ಕಾರ್ಖಾನೆಗಳ ಸ್ಟೇನ್‌ಲೆಸ್ ಕೆಲಸ, ನಡುನಡುವೆ ಬುಲೆಟ್ ಹುಡುಗರ ಬೆಂಡ್ ಪೈಪ್. ಅಂಥದ್ದರಲ್ಲಿ ಒಬ್ಬ ಗಿರಾಕಿ ಮಜ್ದಾ ಕಾರಿನ 13ಬಿ ರೋಟರಿ ಎಂಜಿನ್ನಿನ ಫ್ಲ್ಯಾಂಜ್ (ಎಂಜಿನ್ನಿಗೆ ಪೈಪ್ ಬೋಲ್ಟ್ ಮಾಡುವ ಚಪ್ಪಟೆ ತಟ್ಟೆ) ಡ್ರಾಯಿಂಗ್ ಹಿಡಿದುಕೊಂಡು ಬಂದರು. ತಾವೇ ಕಟ್ಟುತ್ತಿರುವ ಎರಡು ಸೀಟಿನ ವಿಮಾನಕ್ಕೆ ಆ ಎಂಜಿನ್ ಕೂರಿಸುವವರಿದ್ದರು. ವಿಮಾನಯಾನ ಇಲಾಖೆಯ (ಡಿಜಿಸಿಎ) ಕಾಗದಪತ್ರ, ಹಾರಾಟ ಎಲ್ಲ ಅವರ ಪಾಲು. ನಮಗೆ ಸೈಲೆನ್ಸರ್, ಅಂದರೆ ಹೊಗೆ ಪೈಪಿನ ಕೆಲಸ, ಮಾತ್ರ. ಕೂತವರೇ ಕೇಳಿದರು, "ಪೈಪ್ ಎಷ್ಟ ಉದ್ದ ಇಟ್ರ ಪವರ್ ಜಾಸ್ತಿ ಬರ್ತದ್ರಿ?"

ಕೇಳಬೇಕಾದ ಪ್ರಶ್ನೆಯೇ. ಆದರೆ ಅದರ ಸರದಿ ಬಹಳ ಹಿಂದೆ.

ರೋಟರಿ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ. ಮೂರು ಮೂಲೆಯ ರೋಟರ್ ತಿರುಗುತ್ತ ತನ್ನ ತುದಿಯಿಂದಲೇ ಹೊಗೆಯ ಪೋರ್ಟ್, ಅಂದರೆ ಹೊಗೆ ಹೊರಹೋಗುವ ಕಿಂಡಿ, ತೆರೆಯುತ್ತದೆ. ವಾಲ್ವ್ ಎದ್ದ ಹಾಗೆ ನಿಧಾನಕ್ಕಲ್ಲ, ಒಮ್ಮೆಲೇ. 13ಬಿಯಲ್ಲಿ 654 ಸಿಸಿಯ ಎರಡು ರೋಟರ್‌ಗಳು. ಶಾಫ್ಟ್ ಒಂದು ಸುತ್ತು ಬಂದರೆ ಒಂದೊಂದು ರೋಟರ್‌ನಿಂದ ಒಂದೊಂದು ಹೊಡೆತ. 6000 ಆರ್‌ಪಿಎಂಗೆ ಸೆಕೆಂಡಿಗೆ 200 ಹೊಡೆತ ಆಯಿತು. ಲೋಡ್ ಬಿದ್ದಾಗ ಆ ಹೊಗೆ 900 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಬುಲೆಟ್ ಪೈಪಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಉದ್ದದ ಲೆಕ್ಕ ಹೀಗೆ. ಪೋರ್ಟ್ ತೆರೆದಾಗ ಹೊರಟ ಒತ್ತಡದ ಅಲೆ ಪೈಪಿನ ತೆರೆದ ತುದಿ ಮುಟ್ಟಿ, ತಗ್ಗಿದ ಒತ್ತಡದ ಅಲೆಯಾಗಿ ತಿರುಗಿ ಬರುತ್ತದೆ. ಹೊಗೆ ಪೋರ್ಟ್ ಮುಚ್ಚುವ, ಇಂಟೇಕ್ (ಗಾಳಿ-ಪೆಟ್ರೋಲ್ ಒಳಬರುವ ಕಿಂಡಿ) ತೆರೆಯುವ ಹೊತ್ತಿಗೆ ಅದು ಬಂದು ಮುಟ್ಟಿದರೆ ಉಳಿದ ಹೊಗೆಯನ್ನು ಎಳೆದುಕೊಂಡು ಹೋಗುತ್ತದೆ. ಪೈಪಿನಲ್ಲಿ ತುಸು ತಣ್ಣಗಾದ 800 ಡಿಗ್ರಿಯ ಗ್ಯಾಸಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 640 ಮೀಟರ್. 6000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 10 ಮಿಲಿಸೆಕೆಂಡ್, ಅಷ್ಟರಲ್ಲಿ ಅಲೆ 6.4 ಮೀಟರ್ ಓಡುತ್ತದೆ. ಹೋಗಿ ಬರುವುದಕ್ಕೆ ಪೂರ್ತಿ ಸುತ್ತು ಕೊಟ್ಟರೆ ಪೈಪ್ ಮೂರು ಮೀಟರ್ ಮೇಲೆ! ಇಷ್ಟುದ್ದದ ಪೈಪನ್ನು ಸಣ್ಣ ವಿಮಾನದ ಮೂತಿಯಲ್ಲಿ ಎಲ್ಲಿ ಸುತ್ತಿಡುವುದು? ಮೇಲಾಗಿ ಗ್ಯಾಸ್ 100 ಡಿಗ್ರಿ ತಣ್ಣಗಾದರೆ ವೇಗ ಶೇಕಡಾ 5ರಷ್ಟು ಇಳಿಯುತ್ತದೆ, ಲೆಕ್ಕ ಹಾಕಿದ ಉದ್ದವೂ ಅಷ್ಟೇ ತಪ್ಪುತ್ತದೆ. ಹಾಗಾಗಿ ಪೈಪಿನ ಶಾಖ ಅಳೆಯದೆ ಇಷ್ಟೇ ಇಂಚು ಎನ್ನುವವರ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಇನ್ನೊಂದಿದೆ. ಇವರ ಎಂಜಿನ್ನಿಗೆ ಇಂಟೇಕ್ ಪೋರ್ಟ್ ಪಕ್ಕದ ಗೋಡೆಯಲ್ಲಿದೆ, ಕಂಪನಿ ಕೊಟ್ಟ ಹಾಗೇ. ಇದರಲ್ಲಿ ಎರಡೂ ಪೋರ್ಟ್ ಒಟ್ಟಿಗೆ ತೆರೆದಿರುವ ಸಮಯ ಕಡಿಮೆ, ಆದ್ದರಿಂದ ಅಲೆ ಎಳೆದು ಕೊಡುವ ಲಾಭವೂ ಕಡಿಮೆ. ರೇಸ್ ಎಂಜಿನ್ನಿನ ಹಾಗೆ ಇಂಟೇಕನ್ನೂ ಹೊರಸುತ್ತಿನಲ್ಲಿ ಕೊರೆದಿದ್ದರೆ ಮಾತು ಬೇರೆ. 2003ರಲ್ಲಿ ಮಜ್ದಾದ ಆರ್‌ಎಕ್ಸ್-8 ಕಾರಿನ ಜೊತೆ ಬಂದ ರೆನೆಸಿಸ್ ರೋಟರಿ ಎಂಜಿನ್ನಿನಲ್ಲಂತೂ ನಡುವಿನ ಹೊಗೆ ಪೋರ್ಟ್ ಎರಡೂ ರೋಟರ್‌ಗಳಿಗೆ ಹಂಚಿಕೆ. ಅಲ್ಲಿ ಒಂದೊಂದು ರೋಟರ್‌ಗೆ ಬೇರೆಬೇರೆ ಪೈಪ್ ಅಳೆಯುವ ಪ್ರಶ್ನೆಯೇ ಇಲ್ಲ.

ಲಾಭ ಎಷ್ಟು ಅಂತಲೂ ಗಿರಾಕಿಗೆ ಲೆಕ್ಕ ಹಾಕಿ ತೋರಿಸಿದೆ. ಪ್ರೊಪೆಲ್ಲರ್ ತಿನ್ನುವ ಶಕ್ತಿ ಆರ್‌ಪಿಎಂನ ಘನಕ್ಕೆ ತಕ್ಕ ಹಾಗೆ ಏರುತ್ತದೆ. ಶೇಕಡಾ 5 ಶಕ್ತಿ ಹೆಚ್ಚಿದರೂ ಫಿಕ್ಸೆಡ್ ಪಿಚ್ (ಅಲಗಿನ ಓರೆ ಬದಲಾಗದ) ಪ್ರೊಪೆಲ್ಲರ್‌ನಲ್ಲಿ 6000ಕ್ಕೆ ಸಿಗುವುದು 100 ಆರ್‌ಪಿಎಂ ಅಷ್ಟೇ. ನಮ್ಮ ಊರಿನ ಮಳೆಗಾಲದ ಗಾಳಿಗೆ ಎದುರಾಗಿ ನಿಲ್ಲಿಸಿ ಅಳೆದರೆ ಅದು ಪೈಪಿನ ಲಾಭವೋ ಗಾಳಿಯ ಲಾಭವೋ ದೇವರಿಗೇ ಗೊತ್ತು. ಟ್ರಯಲ್ ಏನಿದ್ದರೂ ಗಾಳಿ ಇಲ್ಲದ ನಸುಕಿನಲ್ಲೇ ಎಂದು ಷರತ್ತು ಹಾಕಿದೆ.

ಒಂದು ವಿಷಯದಲ್ಲಿ ಮಾತ್ರ ನಾನು ಬಿಗಿ ಹಿಡಿದೆ. ಎರಡು ಪೈಪ್‌ಗಳನ್ನು ಫ್ಲ್ಯಾಂಜಿನ ಹತ್ತಿರವೇ ಕೂಡಿಸಬಾರದು. ಹಾಗೆ ಮಾಡಿದರೆ ಮುಂದಿನ ರೋಟರ್‌ನ ಹೊಡೆತ ಹಿಂದಿನ ರೋಟರ್‌ನ ಬಾಯಿಗೆ ನುಗ್ಗುತ್ತದೆ. ಕೌಲಿಂಗ್ (ಎಂಜಿನ್ ಮುಚ್ಚುವ ಹೊದಿಕೆ) ಕೆಳಗೆ ಜಾಗ ಇದ್ದಷ್ಟೂ ದೂರ ಬೇರೆಬೇರೆ ಒಯ್ದು ಆಮೇಲೆ ಕೂಡಿಸಿದೆವು.

ಇನ್ನು ಲೋಹ. ಮೈಲ್ಡ್ ಸ್ಟೀಲ್ ಈ ಶಾಖಕ್ಕೆ ಪದರುಪದರಾಗಿ ಉದುರುತ್ತದೆ. 304 ಎಂಬ ಸ್ಟೇನ್‌ಲೆಸ್ ಬಿಸಿಯಾಗಿ ತಣ್ಣಗಾಗುವ ಕೆಲಸಕ್ಕೆ ಸುಮಾರು 870 ಡಿಗ್ರಿವರೆಗೆ ಸರಿ, ಆದರೆ 425ರಿಂದ 850 ಡಿಗ್ರಿ ನಡುವೆ ಬಹಳ ಹೊತ್ತು ಕೂತರೆ ವೆಲ್ಡಿನ ಪಕ್ಕ ಅದರ ಕ್ರೋಮಿಯಂ ಕಾರ್ಬನ್ ಜೊತೆ ಕಟ್ಟಿಕೊಂಡು ಆ ಜಾಗ ಸೋಲುತ್ತದೆ. 321 ಎಂಬ ಇನ್ನೊಂದು ಸ್ಟೇನ್‌ಲೆಸ್‌ನಲ್ಲಿ ಟೈಟಾನಿಯಂ ಇರುವುದರಿಂದ ಆ ಕಾಟ ಕಡಿಮೆ. ಫ್ಲ್ಯಾಂಜಿಗೆ ತಾಗುವ ಗೇಣುದ್ದ ತುಂಡು ಇನ್ಕೊನೆಲ್ 625 (ಶಾಖ ತಡೆಯುವ ನಿಕ್ಕಲ್ ಮಿಶ್ರಲೋಹ), ಉಳಿದದ್ದೆಲ್ಲ 321 ಅಂತ ಗೊತ್ತು ಮಾಡಿದೆವು. ರೇಟ್ ಕೇಳಿ ಗಿರಾಕಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ವೆಲ್ಡಿಂಗ್ ನಮ್ಮ ಹಳೆಯ ಕೈ, ಎಲ್ಲರೂ ಕಾಕಾ ಅನ್ನುವವರದು. ಪೈಪಿನ ಎರಡೂ ತುದಿಗೆ ಟೇಪ್ ಸುತ್ತಿ, ಒಳಗೆ ಆರ್ಗಾನ್ ಬಿಟ್ಟು, ಗಾಳಿ ಪೂರ್ತಿ ಹೊರಗೆ ಹೋಗುವ ತನಕ ಕಾಯುತ್ತಾರೆ. ಹುಡುಗನೊಬ್ಬ ಅವಸರ ಮಾಡಿದ.

"ಹೊರಗ ಚಂದ ಕಾಣ್ತೈತಲ್ರಿ ಕಾಕಾ, ಸಾಕಲ್ರಿ."

"ಒಳಗ ಬೆರಳ ಹಾಕಿ ನೋಡಪಾ."

ಆರ್ಗಾನ್ ಇಲ್ಲದೆ ಮಾಡಿದ ಟೆಸ್ಟ್ ತುಂಡಿನ ಒಳಗೆ ಕರ್ರಗೆ, ಸುಟ್ಟ ಸಕ್ಕರೆಯ ಹಾಗೆ ಗರಿಗರಿ ಹೊಪ್ಪಳೆ. ಬಿರುಕು ಶುರುವಾಗುವುದೇ ಅಂಥ ಗಂಟಿನಿಂದ. ಕಾಕಾ ಮಾಡಿದ ಜಾಯಿಂಟ್‌ನ ಒಳಗೂ ಹೊರಗೂ ತೆಳು ಹೊಂಬಣ್ಣ. ಬೂದು ಬಣ್ಣ ತಿರುಗಿದ್ದನ್ನು ಅವರೇ ಕತ್ತರಿಸಿ ಎಸೆದರು.

ಬಿರುಕಿಗೆ ಇಷ್ಟೇಕೆ ಹೆದರಿಕೆ ಅಂದರೆ, ಕಾರಿನಲ್ಲಿ ಸೈಲೆನ್ಸರ್ ಸೀಳಿದರೆ ಹೆಚ್ಚಾಗಿ ಸದ್ದು ಜಾಸ್ತಿ, ಅಷ್ಟೇ. ಇಲ್ಲಿ ಕೌಲಿಂಗ್ ಒಳಗೆ, ಪೆಟ್ರೋಲ್ ಪೈಪಿನ ಪಕ್ಕ ಬೆಂಕಿ ಕಕ್ಕುತ್ತದೆ. ಕ್ಯಾಬಿನ್ ಹೀಟರ್ ಅದರ ಮೇಲೇ ಕೂರಿಸಿದ್ದರೆ ಕಾರ್ಬನ್ ಮೊನಾಕ್ಸೈಡ್ ನೇರ ಪೈಲಟ್ ಮೂಗಿಗೆ. ಒಂದು ಮೀಟರ್ ಸ್ಟೇನ್‌ಲೆಸ್ ಪೈಪ್ ಇಷ್ಟು ಕಾದರೆ 15 ಮಿಲಿಮೀಟರ್ ಆಸುಪಾಸು ಬೆಳೆಯುತ್ತದೆ. ಎರಡೂ ಕಡೆ ಬಿಗಿದು ಕಟ್ಟಿದರೆ ಎಲ್ಲಾದರೂ ಸೀಳಲೇಬೇಕು. ಅದಕ್ಕೇ ಒಂದರೊಳಗೊಂದು ಜಾರುವ ಜಾಯಿಂಟ್, ಮೇಲೆ ಸ್ಪ್ರಿಂಗ್. ಭಾರ ಎಂಜಿನ್ನಿನ ಮೇಲೇ ಕೂರಬೇಕು, ಬಾಡಿಗೆ ಕಟ್ಟಬಾರದು. ಪೈಪಿಗೆ ಶಾಖ ತಡೆಯುವ ಬಟ್ಟೆ ಸುತ್ತೋಣ ಅಂದರು ಗಿರಾಕಿ. ಸುತ್ತಿದರೆ ಲೋಹ ಇನ್ನೂ ಕಾಯುತ್ತದೆ, ಬಿರುಕೂ ಕಣ್ಣಿಗೆ ಬೀಳುವುದಿಲ್ಲ. ಗಾಳಿಗೆ ಸಂದಿ ಬಿಟ್ಟು ತಗಡಿನ ಮರೆ ಕಟ್ಟಿಕೊಟ್ಟೆವು.

ನಸುಕಿನ ಟ್ರಯಲ್‌ನಲ್ಲಿ ಇನ್ಕೊನೆಲ್ ತುಂಡು ಕೆಂಪಗೆ ಕಾಣಿಸಿತು, ಜಾಯಿಂಟ್‌ಗಳು ಜಾರಿ ಮತ್ತೆ ಜಾಗಕ್ಕೆ ಬಂದವು. ಸದ್ದು ಮಾತ್ರ ತಡೆಯಲಾಗದ್ದು. ಒಳಗೆ ಸದ್ದು ಹೀರುವ ಗಾಜಿನ ಉಣ್ಣೆ ತುಂಬಿದ ಮಫ್ಲರ್ (ಸದ್ದು ತಗ್ಗಿಸುವ ಡಬ್ಬಿ) ಈ ಹೊಡೆತಕ್ಕೆ ಉಣ್ಣೆಯನ್ನೆಲ್ಲ ಉಗುಳಿಬಿಡುತ್ತದೆ. ಟರ್ಬೊ ಹಾಕಿದರೆ ಅದೇ ಒಂದಷ್ಟು ಸದ್ದು ನುಂಗುತ್ತದೆ, ಆದರೆ ಆ ಭಾರ ಇವರಿಗೆ ಬೇಡ. ಈಗ ಉಣ್ಣೆ ಇಲ್ಲದ, ಬರೀ 321 ತಗಡಿನ ಅಡ್ಡಗೋಡೆಗಳ ಮಫ್ಲರ್‌ಗೆ ಕೊಟೇಶನ್ ಕೊಟ್ಟಿದ್ದೇನೆ. ಪೈಪಿನ ಉದ್ದದ ಮಾತು ಅವರು ಮತ್ತೆ ಎತ್ತಿಲ್ಲ. ತೂಕ ಎಷ್ಟು ಗ್ರಾಂ ಇಳಿಸಬಹುದು ಅಂತ ದಿನಾ ಫೋನ್ ಮಾಡುತ್ತಾರೆ.